ಕುದುರೆಯ ಕೀಲುನೋವು: ಸೂಜಿಯೋ ಶಸ್ತ್ರವೋ, ನಿಲ್ಲಿಸಿಯೋ ಮಲಗಿಸಿಯೋ

ಕುದುರೆ ಕುಂಟತೊಡಗಿದ ಕೂಡಲೇ "ಯಾವ ಇಂಜೆಕ್ಷನ್ ಹಾಕಿಸೋಣ?" ಎಂಬ ಮಾತು ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ನೋಯುತ್ತಿರುವುದು ಚೆನ್ನಾಗಿ ಆಡುವ ಕೀಲೋ, ಅಷ್ಟಾಗಿ ಆಡದ ಕೀಲೋ? ಮುಂಗಾಲಿನ ಮಂಡಿ, ಗೊರಸಿನ ಮೇಲೆ ದಪ್ಪ ಗಂಟಾಗಿ ಕಾಣುವ ಫೆಟ್‌ಲಾಕ್, ಹಿಂಗಾಲಿನಲ್ಲಿ ನಮ್ಮ ಮಂಡಿಗೆ ಸಮನಾದ ಸ್ಟೈಫಲ್, ಅದರ ಕೆಳಗೆ ನಮ್ಮ ಹಿಮ್ಮಡಿಗಂಟಿಗೆ ಸಮನಾದ ಹಾಕ್‌ನ ಮೇಲಿನ ಕೀಲು, ಇವೆಲ್ಲ ಹೆಜ್ಜೆಹೆಜ್ಜೆಗೂ ಮಡಚಿ ಬಿಚ್ಚುವಂಥವು. ಇಲ್ಲಿ ಮೃದ್ವಸ್ಥಿ ಸವೆದರೆ ಅದಕ್ಕೆ ಬದಲಿಯಿಲ್ಲ. ಹಾಕ್‌ನ ಕೆಳಗಿನ ಎರಡು ಕೀಲುಗಳು ಮತ್ತು ಫೆಟ್‌ಲಾಕ್‌ಗೂ ಗೊರಸಿಗೂ ನಡುವಿನ ಪಾಸ್ಟರ್ನ್ ಕೀಲು ಹೆಸರಿಗೆ ಮಾತ್ರ ಆಡುತ್ತವೆ. ಅವು ಪೂರ್ತಿ ಬೆಸೆದು ಹೋದರೂ ಕುದುರೆ ಕೆಲಸಕ್ಕೆ ಮರಳಬಲ್ಲದು. ಯಾವ ಔಷಧಿ, ಯಾವ ಶಸ್ತ್ರಚಿಕಿತ್ಸೆ, ಎಷ್ಟು ಅಪಾಯದ ಅರಿವಳಿಕೆ ಎಂಬುದೆಲ್ಲ ನಿರ್ಧಾರವಾಗುವುದು ಈ ಒಂದು ವ್ಯತ್ಯಾಸದ ಮೇಲೆ.

ಮೊದಲು ಕೀಲು ಯಾವುದೆಂದು ಖಚಿತವಾಗಲಿ

ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ನೇರ ಗೆರೆಯಲ್ಲಿ ಟ್ರಾಟ್ ಎಂಬ ಹಗುರ ಓಟ ಓಡಿಸಿ ನೋಡಿ. ನೋಯುವ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಮುಟ್ಟುವಾಗ ಕೆಳಗಿಳಿಯುತ್ತದೆ. ಹಿಂಗಾಲಾದರೆ ಸೊಂಟದ ಎಲುಬಿನ ಏರಿಳಿತದ ಮೇಲೆ ಕಣ್ಣಿಡಬೇಕು. ಕೀಲನ್ನು 60 ಸೆಕೆಂಡು ಮಡಚಿ ಹಿಡಿದು ತಕ್ಷಣ ಓಡಿಸುವ ಪರೀಕ್ಷೆ ಸುಳಿವು ಕೊಡುತ್ತದೆ, ಅಷ್ಟೇ. ಒಂದು ಕೀಲು ಮಡಚಿದರೆ ಅಕ್ಕಪಕ್ಕದವೂ ಮಡಚಿಕೊಳ್ಳುತ್ತವೆ.

ಖಚಿತ ಉತ್ತರ ಬರುವುದು ನರದ ಬ್ಲಾಕ್‌ನಿಂದ, ಅಂದರೆ ನರವನ್ನು ಮದ್ದಿನಿಂದ ಮರಗಟ್ಟಿಸಿ ಕುಂಟುವುದು ನಿಲ್ಲುತ್ತದೆಯೇ ಎಂದು ನೋಡುವುದರಿಂದ. ಶೇ 2ರ ಮೆಪಿವಕೇನ್ ಅನ್ನು ಗೊರಸಿನ ಹಿಂಭಾಗದ ನರಗಳಿಂದ ಆರಂಭಿಸಿ ಹಂತಹಂತವಾಗಿ ಮೇಲಕ್ಕೆ ಹಾಕುತ್ತ ಹೋಗಬೇಕು. ಕೆಳಗಿನ ನರಕ್ಕೆ ಪ್ರತಿ ಬದಿಗೆ ಸುಮಾರು 1.5 ಮಿ.ಲೀ. ಹಾಕಿ 5ರಿಂದ 10 ನಿಮಿಷದೊಳಗೆ ಕುದುರೆಯನ್ನು ಓಡಿಸಿ ನೋಡಬೇಕು. ಹೆಚ್ಚು ಕಾದರೆ ಮದ್ದು ಮೇಲಕ್ಕೆ ಹರಡಿ ಬೇರೆ ಜಾಗವೂ ಮರಗಟ್ಟುತ್ತದೆ, ತಪ್ಪು ಕೀಲಿನ ಮೇಲೆ ಅಪವಾದ ಬರುತ್ತದೆ. ಮದ್ದನ್ನು ಕೀಲಿನೊಳಕ್ಕೇ ಹಾಕಿದ್ದರೆ ಅರ್ಧ ಗಂಟೆಯವರೆಗೆ ಕಾಯುವುದುಂಟು. ಹಠಾತ್ತನೆ ಜೋರಾಗಿ ಕುಂಟಿದ, ಮೂಳೆ ಬಿರುಕು ಬಿಟ್ಟಿರಬಹುದಾದ ಕುದುರೆಗೆ ಮಾತ್ರ ಬ್ಲಾಕ್ ಬೇಡವೇ ಬೇಡ. ನೋವು ಮಾಯವಾದೊಡನೆ ಅದು ಪೂರ್ತಿ ಭಾರ ಹಾಕುತ್ತದೆ, ಕೂದಲೆಳೆಯಷ್ಟಿದ್ದ ಬಿರುಕು ಬಾಯಿ ಬಿಟ್ಟು ಮೂಳೆ ಎರಡಾಗುತ್ತದೆ. ಅಲ್ಲಿ ಮೊದಲು ಎಕ್ಸ್‌ರೇ.

ಎಕ್ಸ್‌ರೇ ತೋರಿಸುವುದು ಮೂಳೆಯನ್ನು, ಮೃದ್ವಸ್ಥಿಯನ್ನಲ್ಲ. ಚಿತ್ರ ಚೆನ್ನಾಗಿದ್ದರೆ ಕೀಲೂ ಚೆನ್ನಾಗಿದೆ ಎಂದುಕೊಳ್ಳಬಾರದು. ಸ್ಟೈಫಲ್‌ನ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ನೋಡಲು ಅಲ್ಟ್ರಾಸೌಂಡ್ ಬೇಕು. ಎಂಆರ್‌ಐ ಮಾಡಿಸುವುದಾದರೆ ಕುದುರೆಯನ್ನು ನಿಲ್ಲಿಸಿಯೇ ಮಾಡುವ ಕಡಿಮೆ ಶಕ್ತಿಯ ಯಂತ್ರ ಇದೆಯೇ ಎಂದು ಕೇಳಿ. ಹೆಚ್ಚು ಶಕ್ತಿಯ ಯಂತ್ರದಲ್ಲಿ ಚಿತ್ರ ಸ್ಪಷ್ಟ, ಆದರೆ ಕುದುರೆಯನ್ನು ಪೂರ್ತಿ ಮಲಗಿಸಬೇಕು. ಬರೀ ರೋಗ ಪತ್ತೆಗಾಗಿ ಅಷ್ಟು ಅಪಾಯ ಮೈಮೇಲೆಳೆದುಕೊಳ್ಳುವುದು ಎಲ್ಲ ಸಲವೂ ತಕ್ಕುದಲ್ಲ.

ಕೀಲು ಊದಿ ಬಿಸಿಯಾಗಿ, ಕುದುರೆ ಆ ಕಾಲನ್ನು ಊರದೆ ನಿಂತಿದ್ದರೆ ಈ ಹೋಲಿಕೆಯನ್ನೆಲ್ಲ ಬದಿಗಿಡಿ. ಕೀಲುರಸ ತೆಗೆದು ಪರೀಕ್ಷಿಸಬೇಕು. ಆರೋಗ್ಯವಂತ ಕೀಲಿನಲ್ಲಿ ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆ ಜೀವಕೋಶಗಳಿರುತ್ತವೆ. 30,000 ದಾಟಿ, ಪ್ರೋಟೀನ್ ಡೆಸಿಲೀಟರಿಗೆ 4 ಗ್ರಾಂ ಮೀರಿದ್ದರೆ ಸೋಂಕೆಂದೇ ತಿಳಿದು ಆವತ್ತೇ ಆರ್ಥ್ರೋಸ್ಕೋಪ್ ಎಂಬ ಕೊಳವೆ ಕ್ಯಾಮೆರಾ ಇಳಿಸಿ ತೊಳೆಯಬೇಕು.

ಸೂಜಿಯ ಆಯ್ಕೆಗಳು

ಕೀಲಿನೊಳಗಿನ ಉರಿಯೂತವನ್ನು ಬೇಗ ಇಳಿಸುವುದರಲ್ಲಿ ಸ್ಟೀರಾಯ್ಡಿಗೆ ಸಾಟಿಯಿಲ್ಲ. ಆದರೆ ಎಲ್ಲ ಸ್ಟೀರಾಯ್ಡೂ ಒಂದೇ ಅಲ್ಲ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕುದುರೆಗಳ ಮಂಡಿಯಲ್ಲಿ ಸಣ್ಣ ಮೂಳೆ ಚೂರು ಎಬ್ಬಿಸಿ, ಟ್ರೆಡ್‌ಮಿಲ್ ಮೇಲೆ ಓಡಿಸಿ ಮಾಡಿದ ಪ್ರಯೋಗಗಳ ಫಲಿತಾಂಶ 1997 ಮತ್ತು 1998ರಲ್ಲಿ ಹೊರಬಂತು. ಟ್ರಯಾಮ್ಸಿನೊಲೋನ್ ಪಡೆದ ಕೀಲುಗಳಲ್ಲಿ ಮೃದ್ವಸ್ಥಿಯ ಸ್ಥಿತಿ ಉತ್ತಮವಾಗಿತ್ತು, ಮೀಥೈಲ್‌ಪ್ರೆಡ್ನಿಸೊಲೋನ್ ಪಡೆದವುಗಳಲ್ಲಿ ಹದಗೆಟ್ಟಿತ್ತು. ಅಲ್ಲಿಂದ ರೂಢಿ ಎರಡು ದಾರಿಯಾಯಿತು. ಆಡುವ ಕೀಲಿಗೆ ಟ್ರಯಾಮ್ಸಿನೊಲೋನ್, ಕೀಲೊಂದಕ್ಕೆ ಸಾಮಾನ್ಯವಾಗಿ 6ರಿಂದ 12 ಮಿ.ಗ್ರಾಂ. ಮೀಥೈಲ್‌ಪ್ರೆಡ್ನಿಸೊಲೋನ್ ಬಳಸುವುದಾದರೆ ಹಾಕ್‌ನ ಕೆಳಗಿನ ಕೀಲುಗಳಂಥ ಆಡದ ಜಾಗಕ್ಕೆ ಮಾತ್ರ, ಮೃದ್ವಸ್ಥಿ ಹೋದರೂ ಅಲ್ಲಿ ದೊಡ್ಡ ನಷ್ಟವಿಲ್ಲ ಎಂಬ ಲೆಕ್ಕದ ಮೇಲೆ.

ಇಡೀ ಕುದುರೆಗೆ ಒಂದು ಸಲಕ್ಕೆ ಟ್ರಯಾಮ್ಸಿನೊಲೋನ್ 18 ಮಿ.ಗ್ರಾಂ ಮೀರಬಾರದು ಎಂಬ ಮಿತಿ ಬಹುಕಾಲದಿಂದ ಬಾಯಿಂದ ಬಾಯಿಗೆ ಬಂದಿದೆ. ಅದರ ಹಿಂದಿನ ಪುರಾವೆ ತೆಳುವಾದುದು. ಸಂಖ್ಯೆಗಿಂತ ಕುದುರೆಯ ಮೈ ಮುಖ್ಯ. ಕುತ್ತಿಗೆಯ ಮೇಲ್ಭಾಗ ದಪ್ಪಗಟ್ಟಿದ, ಇನ್ಸುಲಿನ್ ಹೆಚ್ಚಿರುವ ಕುದುರೆಗೋ, ಪಿಟ್ಯುಟರಿ ತೊಂದರೆಯಿಂದ ಉದ್ದ ಕೂದಲು ಬಿಟ್ಟ ಮುದಿ ಕುದುರೆಗೋ ಕಡಿಮೆ ಪ್ರಮಾಣದಲ್ಲೂ ಲಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ, ಬರಬಹುದು. ಒಂದು ಕೀಲು ಸರಿಮಾಡಲು ಹೋಗಿ ನಾಲ್ಕೂ ಗೊರಸು ಕಳೆದುಕೊಂಡ ಹಾಗಾಗುತ್ತದೆ. ಅಂಥವುಗಳಿಗೆ ಸ್ಟೀರಾಯ್ಡ್ ಬಿಟ್ಟು ಬೇರೆ ದಾರಿ ನೋಡಬೇಕು.

ಸ್ಟೀರಾಯ್ಡಿನ ಜೊತೆ ಕೀಲುರಸಕ್ಕೆ ಜಾರುವ ಗುಣ ಕೊಡುವ ಹಯಲುರಾನಿಕ್ ಆಮ್ಲ ಸೇರಿಸಿದರೆ ಚೆನ್ನ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. 80 ಕುಂಟು ಕುದುರೆಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ವಾರದ ಹೊತ್ತಿಗೆ ಟ್ರಯಾಮ್ಸಿನೊಲೋನ್ ಒಂದನ್ನೇ ಪಡೆದ ಗುಂಪಿನಲ್ಲಿ ಸುಮಾರು ಶೇ 88 ಕುದುರೆಗಳು ಸುಧಾರಿಸಿದ್ದವು, ಎರಡನ್ನೂ ಪಡೆದ ಗುಂಪಿನಲ್ಲಿ ಶೇ 64. ಮೂರು ತಿಂಗಳಿಗೆ ವ್ಯತ್ಯಾಸ ಅಳಿಸಿಹೋಗಿತ್ತು. ಹಾಗಾಗಿ ಎರಡನ್ನೂ ಕೂಡಿಸಿ ಕೊಡುವುದಕ್ಕೆ ಹೆಚ್ಚುವರಿ ಖರ್ಚು ಮಾಡುವ ಮೊದಲು ಯಾಕೆಂದು ಕೇಳುವುದು ತಪ್ಪಲ್ಲ.

ಕುದುರೆಯ ಸ್ವಂತ ರಕ್ತದಿಂದ ತಯಾರಾಗುವವುಗಳಲ್ಲಿ ಐಆರ್‌ಎಪಿ ಹೆಚ್ಚು ಬಳಕೆಯಲ್ಲಿದೆ. ರಕ್ತವನ್ನು ಗಾಜಿನ ಮಣಿಗಳಿರುವ ಸಿರಿಂಜಿನಲ್ಲಿ 37 ಡಿಗ್ರಿಯಲ್ಲಿ ಸುಮಾರು 24 ಗಂಟೆ ಇಟ್ಟರೆ ಉರಿಯೂತವನ್ನು ತಡೆಯುವ ಪ್ರೋಟೀನು ಹೆಚ್ಚುತ್ತದೆ. ಸೀರಮ್ ಬೇರ್ಪಡಿಸಿ ವಾರಕ್ಕೊಂದರಂತೆ ಮೂರು ಸಲ ಕೀಲಿಗೆ ಹಾಕುತ್ತಾರೆ. ಸ್ಟೀರಾಯ್ಡಿನಷ್ಟು ಬೇಗ ಕೆಲಸ ಮಾಡುವುದಿಲ್ಲ, ಆದರೆ ಲಾಮಿನೈಟಿಸ್‌ನ ಭಯವಿಲ್ಲ. ಶೇ 2.5ರ ಪಾಲಿಅಕ್ರಿಲಮೈಡ್ ಹೈಡ್ರೋಜೆಲ್ ಬೇರೆಯೇ ಬಗೆ. ಅದು ಕೀಲಿನ ಒಳಪದರದೊಳಗೆ ಸೇರಿಕೊಂಡು ನಿಲ್ಲುತ್ತದೆ. ಫಲ ಕಾಣಲು ವಾರಗಟ್ಟಲೆ ಬೇಕು, ಒಮ್ಮೆ ಹಾಕಿದ ಮೇಲೆ ಹಿಂದೆ ತೆಗೆಯಲಾಗದು. ಮುಂದಿನ ವಾರದ ಸ್ಪರ್ಧೆಗೆಂದು ಇದನ್ನು ಆಯ್ದುಕೊಳ್ಳುವವರು ನಿರಾಶರಾಗುತ್ತಾರೆ.

ಮೃದ್ವಸ್ಥಿಯನ್ನು ಕಾಯಲೆಂದು ಸ್ನಾಯುವಿಗೆ ಕೊಡುವ ಪಾಲಿಸಲ್ಫೇಟೆಡ್ ಗ್ಲೈಕೊಸಮಿನೊಗ್ಲೈಕನ್ 500 ಮಿ.ಗ್ರಾಂ, ನಾಲ್ಕು ದಿನಕ್ಕೊಮ್ಮೆ ಏಳು ಸಲ. ಬಾಯಿಗೆ ಕೊಡುವ ನೋವು ನಿವಾರಕಗಳಲ್ಲಿ ಫೀನೈಲ್‌ಬ್ಯೂಟಜೋನ್ ಅಗ್ಗ ಮತ್ತು ಪರಿಣಾಮಕಾರಿ. ಮೊದಲ ದಿನ ಕಿ.ಗ್ರಾಂಗೆ 4.4 ಮಿ.ಗ್ರಾಂನಂತೆ ಎರಡು ಹೊತ್ತು, ಆಮೇಲೆ 2.2. ಅಂದರೆ 500 ಕಿ.ಗ್ರಾಂ ಕುದುರೆಗೆ 2.2 ಗ್ರಾಂನಿಂದ 1.1 ಗ್ರಾಂಗೆ ಇಳಿಸಬೇಕು. ಇಳಿಸದೆ ಎಳೆದಾಡಿದರೆ ಹೊಟ್ಟೆ ಹುಣ್ಣು, ದೊಡ್ಡ ಕರುಳಿನ ಬಲಭಾಗದ ಉರಿಯೂತ. ತಿಂಗಳುಗಟ್ಟಲೆ ಕೊಡಬೇಕಾದಾಗ ಕಿ.ಗ್ರಾಂಗೆ 0.1 ಮಿ.ಗ್ರಾಂ ಫಿರೊಕಾಕ್ಸಿಬ್ ಹೊಟ್ಟೆಗೆ ಹಗುರ. ಎರಡನ್ನೂ ಒಟ್ಟಿಗೆ ಕೊಡುವುದು ಮಾತ್ರ ಯಾವ ಲೆಕ್ಕದಲ್ಲೂ ಸರಿಯಲ್ಲ.

ಸೂಜಿ ಚುಚ್ಚಿದ ಮೇಲೆ ಕೆಡುವುದು ಎರಡು ರೀತಿ. ಮೊದಲ 24 ಗಂಟೆಯೊಳಗೆ ಕೀಲು ಊದಿದರೆ ಬಹುತೇಕ ಮದ್ದಿಗೇ ಆದ ಪ್ರತಿಕ್ರಿಯೆ, ತಣ್ಣೀರು ಮತ್ತು ನೋವು ನಿವಾರಕಕ್ಕೆ ಇಳಿಯುತ್ತದೆ. ಚೆನ್ನಾಗಿಯೇ ಇದ್ದ ಕುದುರೆ ಕೆಲವು ದಿನ ಬಿಟ್ಟು ಕಾಲೂರಲಾಗದೆ ನಿಂತರೆ ಅದು ಸೋಂಕು. ಸ್ಟೀರಾಯ್ಡ್ ಹಾಕಿದ್ದರೆ ಲಕ್ಷಣ ಇನ್ನೂ ತಡವಾಗಿ ಕಾಣಬಹುದು, ಅದು ಸೋಂಕನ್ನೂ ಸ್ವಲ್ಪ ಕಾಲ ಮುಚ್ಚಿಡುತ್ತದೆ. ಒಂದಕ್ಕಿಂತ ಹೆಚ್ಚು ಸಲ ಚುಚ್ಚಿದ ಹಳೆ ಸೀಸೆಯಿಂದ ಕೀಲಿಗೆ ಮದ್ದು ತೆಗೆಯುವುದು ಇದಕ್ಕೆ ಹೇಳಿಕರೆಸಿದ ದಾರಿ.

ಶಸ್ತ್ರಚಿಕಿತ್ಸೆ ಯಾವಾಗ ಸೂಜಿಗಿಂತ ಮೇಲು

ಆಡುವ ಕೀಲಿನೊಳಗೆ ಸಡಿಲ ಚೂರಿದ್ದರೆ ಯಾವ ಮದ್ದೂ ಅದನ್ನು ಕರಗಿಸುವುದಿಲ್ಲ. ಓಟದ ಕುದುರೆಯ ಮಂಡಿಯಲ್ಲಿ ಚೂರು ಎದ್ದ ಮೇಲೂ ಸ್ಟೀರಾಯ್ಡ್ ಹಾಕಿ ಓಡಿಸುವುದು ನಮ್ಮ ಮಟ್ಟಿಗೆ ಈ ಇಡೀ ವಿಷಯದಲ್ಲೇ ಅತ್ಯಂತ ಕೆಟ್ಟ ಆಯ್ಕೆ. ನೋವು ಮರೆಯಾಗಿರುತ್ತದೆ, ಚೂರು ಎದುರಿನ ಮೃದ್ವಸ್ಥಿಯನ್ನು ಉಜ್ಜುತ್ತಲೇ ಇರುತ್ತದೆ. ಆಮೇಲೆ ಚೂರು ತೆಗೆದರೂ ಉಜ್ಜಿಹೋದದ್ದು ಮರಳುವುದಿಲ್ಲ. ಆಪರೇಷನ್ ಆಗಬಹುದು ಅನ್ನಿಸಿದರೆ ಮೊದಲೇ ಸ್ಟೀರಾಯ್ಡ್ ಹಾಕಿಸಬೇಡಿ. ಸೋಂಕಿನ ಭಯದಿಂದ ಶಸ್ತ್ರವೈದ್ಯರು ಕೆಲವು ವಾರಗಳ ಅಂತರ ಕೇಳುತ್ತಾರೆ.

ಆರ್ಥ್ರೋಸ್ಕೋಪಿಯಲ್ಲಿ ಕೀಲಿಗೆ ದ್ರವ ತುಂಬಿ ಹಿಗ್ಗಿಸಿ, ಒಂದು ಸೆಂಟಿಮೀಟರಿನಷ್ಟು ಎರಡು ಕೊಯ್ತದಲ್ಲಿ ಒಂದರಿಂದ 4 ಮಿ.ಮೀ. ದಪ್ಪದ ಕೊಳವೆ ಕ್ಯಾಮೆರಾ, ಇನ್ನೊಂದರಿಂದ ಇಕ್ಕಳ ಇಳಿಸುತ್ತಾರೆ. ಚೂರು ತೆಗೆದ ಮೇಲೆ ಕೆಳಗಿನ ಕೊಳೆತ ಮೂಳೆಯನ್ನು ಗಟ್ಟಿ ಮೂಳೆ ಸಿಗುವವರೆಗೆ ಕೆರೆದು, ಧಾರಾಳವಾಗಿ ತೊಳೆದು ಹೊಲಿಗೆ ಹಾಕುತ್ತಾರೆ. ಕುದುರೆಗಳಲ್ಲಿ ಇದನ್ನು ಬೆಳೆಸಿದವರಲ್ಲಿ ಪ್ರಮುಖರು ಕೊಲೊರಾಡೊದ ಶಸ್ತ್ರವೈದ್ಯ ವೇಯ್ನ್ ಮೆಕಿಲ್‌ರೇತ್. ಇದರ ಇನ್ನೊಂದು ಲಾಭವೆಂದರೆ ಎಕ್ಸ್‌ರೇಯಲ್ಲಿ ಕಾಣದ ಮೃದ್ವಸ್ಥಿಯ ಹಾನಿ ಕಣ್ಣಿಗೇ ಬೀಳುತ್ತದೆ, ಕುದುರೆ ಹಳೆಯ ಕೆಲಸಕ್ಕೆ ಮರಳೀತೇ ಎಂಬುದಕ್ಕೆ ನಂಬುವಂಥ ಉತ್ತರ ಸಿಗುತ್ತದೆ.

ಮರಿಗಳ ವಿಷಯ ಬೇರೆ. ಬೆಳೆಯುವಾಗ ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಬರುವ ಒಸಿಡಿ ಎಷ್ಟೋ ಸಲ ತಾನಾಗಿ ಮಾಯುತ್ತದೆ. ಹಾಕ್‌ನಲ್ಲಿ ಸುಮಾರು 5 ತಿಂಗಳ ವಯಸ್ಸಿಗೆ, ಸ್ಟೈಫಲ್‌ನಲ್ಲಿ ಸುಮಾರು 8 ತಿಂಗಳಿಗೆ ಉಳಿದಿರುವುದು ಸಾಮಾನ್ಯವಾಗಿ ಉಳಿದೇಬಿಡುತ್ತದೆ. ಅದಕ್ಕೆ ಮುಂಚೆ ಆತುರಪಟ್ಟು ಕೊಯ್ಯಿಸುವುದು ಹಣವನ್ನೂ ಅರಿವಳಿಕೆಯ ಅಪಾಯವನ್ನೂ ದಂಡ ತೆತ್ತಂತೆ. ಆ ವಯಸ್ಸು ದಾಟಿ ಕೀಲು ಊದಿದ್ದರೆ, ಸವಾರಿಗೆ ಪಳಗಿಸುವ ಮೊದಲೇ ತೆಗೆಸುವುದು ಒಳ್ಳೆಯದು.

ಆಡದ ಕೀಲಿನಲ್ಲಿ ಲೆಕ್ಕ ತಲೆಕೆಳಗು: ಕೀಲನ್ನು ಉಳಿಸುವ ಬದಲು ಬೆಸೆಯುವುದೇ ಮದ್ದು. ಹಾಕ್‌ನ ಕೆಳಗಿನ ಕೀಲುಗಳನ್ನು ಕೊರೆದು ಬೆಸೆಯಬಹುದು, ಇಲ್ಲವೇ ಶೇ 70ರ ಎಥನಾಲ್ ಸುಮಾರು 3 ಮಿ.ಲೀ. ಹಾಕಿ ಮೃದ್ವಸ್ಥಿಯನ್ನು ಕೊಲ್ಲಬಹುದು. ಎಥನಾಲ್ ಅಗ್ಗ, ನಿಲ್ಲಿಸಿಯೇ ಆಗುತ್ತದೆ. ಆದರೆ ಕೆಲವು ಕುದುರೆಗಳಲ್ಲಿ ಕೆಳಗಿನ ಕೀಲಿಗೂ ಮೇಲಿನ ಆಡುವ ಕೀಲಿಗೂ ಒಳದಾರಿ ಇರುತ್ತದೆ. ಮೊದಲು ಬಣ್ಣದ್ರವ ಹಾಕಿ ಎಕ್ಸ್‌ರೇ ತೆಗೆದು ಅದು ಮೇಲೆ ಹರಿಯುತ್ತಿಲ್ಲ ಎಂದು ನೋಡದೆ ಎಥನಾಲ್ ಹಾಕಿದರೆ ಉಳಿಸಬೇಕಾದ ಕೀಲೇ ಸುಟ್ಟುಹೋಗುತ್ತದೆ. ಪಾಸ್ಟರ್ನ್ ಕೀಲನ್ನು ಪ್ಲೇಟು ಮತ್ತು ಸ್ಕ್ರೂ ಹಾಕಿ ಬೆಸೆಯುತ್ತಾರೆ, ಹಿಂಗಾಲಿನಲ್ಲಿ ಫಲಿತಾಂಶ ಮುಂಗಾಲಿಗಿಂತ ಚೆನ್ನ. ಫೆಟ್‌ಲಾಕ್ ಬೆಸೆದ ಕುದುರೆಯಾದರೋ ಸವಾರಿಗೆ ಬರುವುದಿಲ್ಲ, ಹುಲ್ಲುಗಾವಲಿನಲ್ಲಿ ಬದುಕಿಕೊಳ್ಳುತ್ತದೆ, ಅಷ್ಟೇ.

ನಿಲ್ಲಿಸಿಯೋ, ಮಲಗಿಸಿಯೋ

2002ರಲ್ಲಿ ಪ್ರಕಟವಾದ, 40 ಸಾವಿರಕ್ಕೂ ಹೆಚ್ಚು ಅರಿವಳಿಕೆಗಳ ಲೆಕ್ಕದಲ್ಲಿ ಏಳು ದಿನದೊಳಗೆ ಸತ್ತ ಕುದುರೆಗಳು ಶೇ 1.9. ಹೊಟ್ಟೆಶೂಲೆಯ ಆಪರೇಷನ್ ಬಿಟ್ಟರೆ ಶೇ 0.9. ಸತ್ತವುಗಳಲ್ಲಿ ಮೂರನೆಯ ಒಂದು ಭಾಗ ಹೃದಯ ನಿಂತು, ಕಾಲು ಭಾಗಕ್ಕೆ ಹತ್ತಿರ ಏಳುವಾಗ ಮೂಳೆ ಮುರಿದುಕೊಂಡು. ಅದೇ ಅಧ್ಯಯನದ ನಾಲ್ಕನೆಯ ಸುತ್ತಿನ ಮೊದಲ ಅಂಕಿಗಳು 2021ರಲ್ಲಿ ಬಂದವು: ಒಟ್ಟು ಶೇ 1.0, ಹೊಟ್ಟೆಶೂಲೆ ಬಿಟ್ಟು ಶೇ 0.6, ನಿಲ್ಲಿಸಿ ಮಂಪರು ಕೊಟ್ಟವುಗಳಲ್ಲಿ ಶೇ 0.2. ಮಲಗಿಸಿದ, ನಿಲ್ಲಿಸಿದ ಎರಡು ಗುಂಪಿನ ಕುದುರೆಗಳೂ ಆಪರೇಷನ್‌ಗಳೂ ಬೇರೆಬೇರೆ, ಆದ್ದರಿಂದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮೂರು ಪಟ್ಟು ಎನ್ನಲಾಗದು. ದಿಕ್ಕು ಮಾತ್ರ ಸ್ಪಷ್ಟ.

ನಿಲ್ಲಿಸಿ ಮಾಡುವಾಗ ಮಂಪರು ತರುವ ಡೆಟೊಮಿಡಿನ್ ಕಿ.ಗ್ರಾಂಗೆ 10 ಮೈಕ್ರೋಗ್ರಾಂನಷ್ಟು ರಕ್ತನಾಳಕ್ಕೆ ಕೊಟ್ಟು, ಬ್ಯೂಟೊರ್ಫನಾಲ್ ಜೊತೆಗೂಡಿಸಿ, ಆಮೇಲೆ ಡೆಟೊಮಿಡಿನ್ ಡ್ರಿಪ್‌ನಲ್ಲಿ ಮುಂದುವರಿಸುತ್ತಾರೆ. ನೋವು ತಡೆಯುವ ಕೆಲಸ ನರದ ಬ್ಲಾಕ್‌ನದು. ಮಂಪರಿನಲ್ಲಿ ತಲೆ ಜೋತುಬಿದ್ದಿದೆ ಎಂದು ಮೈಮರೆಯಬೇಡಿ, ಅಂಥ ಕುದುರೆ ಯಾವ ಸೂಚನೆಯೂ ಕೊಡದೆ ಗುರಿಯಿಟ್ಟು ಒದೆಯಬಲ್ಲದು. ಈ ಮದ್ದಿನಿಂದ ಮೂತ್ರವೂ ಧಾರಾಳ. ಮೊದಲೇ ನಳಿಕೆ ಹಾಕಿಡದಿದ್ದರೆ ಕೊಯ್ದ ಜಾಗದ ಪಕ್ಕದಲ್ಲೇ ಹೊಳೆ ಹರಿಯುತ್ತದೆ.

ಫೆಟ್‌ಲಾಕ್‌ನೊಳಗೆ ಇಳಿದ, ಜರುಗದ ಉದ್ದ ಬಿರುಕಿಗೆ ಸ್ಕ್ರೂ ಹಾಕುವುದನ್ನು ಈಗ ಅನೇಕ ಕಡೆ ನಿಲ್ಲಿಸಿಯೇ ಮಾಡುತ್ತಾರೆ. ಹೊಸ ಸ್ಕ್ರೂ ಬಿದ್ದ ಮೂಳೆಯ ಮೇಲೆ ಐನೂರು ಕಿಲೋ ಎದ್ದು ನಿಲ್ಲುವ ಗಂಡಾಂತರ ತಪ್ಪುತ್ತದೆ. ತೆಳು ಸೂಜಿಯಂಥ ಸ್ಕೋಪಿನಿಂದ ಸ್ಟೈಫಲ್ ಒಳಗೆ ಇಣುಕುವುದೂ ನಿಲ್ಲಿಸಿ ಸಾಧ್ಯ. ಆದರೆ ಮಂಡಿಯ ಚೂರು ತೆಗೆಯಲು ಕೀಲನ್ನು ಚೆನ್ನಾಗಿ ಮಡಚಿ ತಿರುಗಿಸಬೇಕು. ಭಾರ ಹೊತ್ತು ನಿಂತ ಕಾಲನ್ನು ಹಾಗೆ ಮಡಚುವುದು ಹೇಗೆ? ಅಲ್ಲಿ ಮಲಗಿಸಲೇಬೇಕು. ಸೂಜಿ ಕಂಡರೆ ಹಾರಾಡುವ ಕುದುರೆಗೂ ಅದೇ ಮಾತು.

ಮಲಗಿಸುವುದೆಂದಾದರೆ

ಇಂಜೆಕ್ಷನ್ ಅರಿವಳಿಕೆ ಒಂದು ಗಂಟೆಯೊಳಗಿನ ಕೆಲಸಕ್ಕೆ ಒಳ್ಳೆಯದು. ಸ್ನಾಯು ಸಡಿಲಿಸುವ ಶೇ 5ರ ಗ್ವೈಫೆನೆಸಿನ್‌ನಲ್ಲಿ ಅರಿವಳಿಕೆಯ ಕೆಟಮಿನ್, ಮಂಪರಿನ ಜೈಲಜಿನ್ ಬೆರೆಸಿದ ಡ್ರಿಪ್ ಇದರಲ್ಲಿ ಹಳೆಯದು. ಕುದುರೆ ಸಮಾಧಾನವಾಗಿ ಏಳುತ್ತದೆ. ಒಂದೂವರೆ ಗಂಟೆ ಮೀರಿದರೆ ಮದ್ದು ಮೈಯಲ್ಲಿ ಸೇರಿಕೊಂಡು ಏಳುವಾಗ ತೂರಾಡುತ್ತದೆ. ಉದ್ದದ ಆರ್ಥ್ರೋಸ್ಕೋಪಿಗೆ ಐಸೊಫ್ಲುರೇನ್ ಅಥವಾ ಸೆವೊಫ್ಲುರೇನ್ ಗ್ಯಾಸ್ ಬೇಕು. ಆಳವನ್ನು ನಿಮಿಷದಲ್ಲಿ ಹೊಂದಿಸಬಹುದು, ಆದರೆ ರಕ್ತದೊತ್ತಡ ಬೀಳುತ್ತದೆ. ಅದಕ್ಕೇ ಗ್ಯಾಸ್ ಕಡಿಮೆ ಮಾಡಿ ಲಿಡೊಕೇನ್ ಅಥವಾ ಮೆಡೆಟೊಮಿಡಿನ್ ಡ್ರಿಪ್ ಜೊತೆಗೂಡಿಸುವುದು ಹೆಚ್ಚುತ್ತಿದೆ. ಲಿಡೊಕೇನ್ ಅನ್ನು ಆಪರೇಷನ್ ಮುಗಿಯುವ ಅರ್ಧ ಗಂಟೆ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಕಾಲು ಹಿಡಿತಕ್ಕೆ ಬರುವುದಿಲ್ಲ.

ಆಸ್ಪತ್ರೆ ಆಯ್ದುಕೊಳ್ಳುವಾಗ ಯಂತ್ರದ ಹೆಸರಿಗಿಂತ ಈ ನಾಲ್ಕು ವಿಚಾರಿಸಿ:

- ರಕ್ತದೊತ್ತಡವನ್ನು ಅಪಧಮನಿಯೊಳಗೆ ನಳಿಕೆ ಇಟ್ಟು ನೇರವಾಗಿ ಅಳೆಯುತ್ತಾರೆಯೇ? ಸರಾಸರಿ 70 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ ಅಡಿಯಲ್ಲಿ ಸಿಕ್ಕ ಸ್ನಾಯುಗಳಿಗೆ ರಕ್ತ ಸಾಲದೆ ಅವು ಕಲ್ಲಿನಂತಾಗುತ್ತವೆ. ಒತ್ತಡ ಏರಿಸುವ ಡೊಬುಟಮಿನ್ ಕೈಯಳತೆಯಲ್ಲಿ ಇರಬೇಕು.
- ಮಲಗಿಸುವ ಮೊದಲು ಜೈಲಜಿನ್ ಕೊಟ್ಟು ತಲೆ ಮಂಡಿಯ ಮಟ್ಟಕ್ಕೆ ಇಳಿಯುವವರೆಗೆ ಕಾಯುತ್ತಾರೆಯೇ? ಅರೆಮಂಪರಿನಲ್ಲಿರುವ ಕುದುರೆಗೆ ಕೆಟಮಿನ್ ಹಾಕಿದರೆ ಬೀಳುವ ಬದಲು ಹುಚ್ಚೆದ್ದು ನುಗ್ಗುತ್ತದೆ.
- ಹಾಸು ಎಷ್ಟು ದಪ್ಪ? ಬದಿಗೆ ಮಲಗಿಸಿದರೆ ಅಡಿಯ ಮುಂಗಾಲನ್ನು ಮುಂದಕ್ಕೆ ಎಳೆದಿಡಬೇಕು, ಮೇಲಿನ ಕಾಲಿಗೆ ಆಸರೆ ಬೇಕು, ತಲೆಯ ಹಾಲ್ಟರ್ ಕಳಚಿರಬೇಕು. ಅದರ ಬಳೆ ಕೆನ್ನೆಗೆ ಒತ್ತಿ ಮುಖದ ನರ ಸತ್ತು ತುಟಿ ಜೋಲುವುದುಂಟು.
- ಏಳಿಸುವುದು ಹೇಗೆ, ಆ ಹೊತ್ತಿನಲ್ಲಿ ಯಾರಿರುತ್ತಾರೆ?

ಈ ಕೊನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ದಪ್ಪ ಹಾಸಿನ ಗೋಡೆಗಳ ಮಂದ ಬೆಳಕಿನ ಕೋಣೆ. ಗ್ಯಾಸ್ ನಿಲ್ಲಿಸಿದ ಮೇಲೆ ಕುದುರೆಯ ಕಣ್ಣುಗುಡ್ಡೆ ಅತ್ತಿತ್ತ ಚಿಮ್ಮತೊಡಗುತ್ತದೆ. ಆ ಹೊತ್ತಿಗೆ ಎದ್ದರೆ ಕಾಲು ಎಲ್ಲಿದೆ ಎಂದೂ ಅದಕ್ಕೆ ತಿಳಿಯದು. ಅದಕ್ಕೇ ಜೈಲಜಿನ್ ಕಿ.ಗ್ರಾಂಗೆ 0.2 ಮಿ.ಗ್ರಾಂನಷ್ಟು ಕೊಟ್ಟು ಇನ್ನಷ್ಟು ಹೊತ್ತು ಮಲಗಿಸಿಡುತ್ತಾರೆ. ಬೆನ್ನಿನ ಮೇಲೆ ಮಲಗಿದ್ದ ಕುದುರೆಯ ಮೂಗಿನೊಳಗೆ ಊತ ತುಂಬಿರುತ್ತದೆ. ಕುದುರೆ ಬಾಯಿಂದ ಉಸಿರಾಡಲಾರದು, ಆದ್ದರಿಂದ ಫೀನೈಲೆಫ್ರಿನ್ ಸಿಂಪಡಿಸುತ್ತಾರೆ ಅಥವಾ ಮೂಗಿನಲ್ಲಿ ನಳಿಕೆ ಬಿಟ್ಟಿರುತ್ತಾರೆ. ಆಮೇಲೆ ಕಿವಿ ಅಲುಗುತ್ತದೆ, ನಾಲಿಗೆ ಒಳಗೆ ಎಳೆದುಕೊಳ್ಳುತ್ತದೆ, ಕುದುರೆ ಎದೆಯ ಮೇಲೆ ಬಂದು ಕೂರುತ್ತದೆ. ಎದೆಯ ಮೇಲೆ ಕೂತು ಐದು ನಿಮಿಷ ಸುಧಾರಿಸಿಕೊಂಡದ್ದು ಸಾಮಾನ್ಯವಾಗಿ ಒಂದೇ ಪಟ್ಟಿಗೆ ಏಳುತ್ತದೆ. ಮಲಗಿದಲ್ಲಿಂದ ನೇರ ಚಿಮ್ಮಿದ್ದು ಗೋಡೆಗೆ ಬಡಿಯುತ್ತದೆ.

ಆರ್ಥ್ರೋಸ್ಕೋಪಿಯಂಥದಕ್ಕೆ ತಾನಾಗಿ ಏಳಲು ಬಿಡಬಹುದು. ತಲೆಗೂ ಬಾಲಕ್ಕೂ ಹಗ್ಗ ಕಟ್ಟಿ ಹೊರಗಿನಿಂದ ಆಧರಿಸುವುದು ಮುದಿ ಕುದುರೆಗೂ ಪ್ಲೇಟ್ ಹಾಕಿಸಿಕೊಂಡದ್ದಕ್ಕೂ ಹೆಚ್ಚು ಉಪಯೋಗ, ಆದರೆ ಹಗ್ಗ ಹಿಡಿಯಲು ಬಲ್ಲವರೇ ಬೇಕು. ಕೊಳದಲ್ಲಿ ತೇಲಿಸಿ ಎಚ್ಚರಗೊಳಿಸುವುದು ಕೆಲವೇ ಕಡೆ ಸಾಧ್ಯ. 2006ರಲ್ಲಿ ಅಮೆರಿಕದ ಪ್ರೀಕ್‌ನೆಸ್ ಓಟದಲ್ಲಿ ಹಿಂಗಾಲು ಮುರಿದುಕೊಂಡ ಬಾರ್ಬರೋ ಎಂಬ ಕುದುರೆಗೆ ನ್ಯೂ ಬೋಲ್ಟನ್ ಸೆಂಟರ್ ಪಶು ಆಸ್ಪತ್ರೆಯಲ್ಲಿ ಪ್ಲೇಟು, ಸ್ಕ್ರೂ ಹಾಕಿ ಕೀಲು ಬೆಸೆದು ಕೊಳದಲ್ಲೇ ಎಚ್ಚರಗೊಳಿಸಿದರು. ಮುರಿದ ಕಾಲು ಕೂಡುವ ಹಾದಿಯಲ್ಲಿತ್ತು. ಭಾರ ಹೊತ್ತ ಇನ್ನೊಂದು ಹಿಂಗಾಲಿಗೆ ಲಾಮಿನೈಟಿಸ್ ಬಂತು, ಕೊನೆಗೆ ಇತರ ಗೊರಸುಗಳಿಗೂ ಹಬ್ಬಿತು, 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು. ದೊಡ್ಡ ಮೂಳೆ ಆಪರೇಷನ್ ಆಯ್ದುಕೊಳ್ಳುವವರು ಒಳ್ಳೆಯ ಕಾಲಿನ ಗೊರಸಿಗೂ ಮೊದಲ ದಿನದಿಂದಲೇ ಆಸರೆ ಕೊಡುವ ಲಾಳ ಅಥವಾ ಮೆತ್ತೆ ಕೇಳಬೇಕು.

ಚೂರು ತೆಗೆಸಿದ ಕುದುರೆಗೆ ಬ್ಯಾಂಡೇಜ್, 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುವುದು, ಅಲ್ಲಿಂದ ಕೈಹಿಡಿದು ನಡೆಸುವುದು, ಆಮೇಲೆ ಸಣ್ಣ ಅಂಗಳ, ಎರಡರಿಂದ ನಾಲ್ಕು ತಿಂಗಳಿಗೆ ಕೆಲಸ. ಹಾಕ್ ಕೊರೆಸಿ ಬೆಸೆದದ್ದಕ್ಕೆ ಆರು ತಿಂಗಳಿಂದ ಒಂದು ವರ್ಷ. ಹೊಲಿಗೆ ಬಿಚ್ಚುವ ಮೊದಲು ಬ್ಯಾಂಡೇಜ್ ಒದ್ದೆಯಾದರೆ ಅವತ್ತೇ ಬದಲಿಸಿ. ಕುದುರೆ ಹಿಂದಿನ ದಿನಕ್ಕಿಂತ ಹೆಚ್ಚು ಕುಂಟಿದರೆ ಮರುದಿನಕ್ಕೆ ಕಾಯದೆ ಕೀಲುರಸ ತೆಗೆಸಿ.